ಪಕ್ಕದಲ್ಲೊಂದು ಕಿವಿ

ಒಳ್ಳೆಯ ಹಾಡೊಂದು ಸಿಕ್ಕರೆ ಒಬ್ಬನೇ ಕೇಳಿ ಸುಮ್ಮನಿರುವುದು ನನ್ನಿಂದಾಗದ ಕೆಲಸ. ಅದರಲ್ಲೂ ಹಾಡು ಹಳೆಯದಾಗಿದ್ದರೆ ಮುಗಿದೇ ಹೋಯಿತು. ಒಗ್ಗರಣೆಯ ಸಾಸಿವೆ ಚಿಟಪಟ ಅನ್ನುವ ಹಾಗೆ ಗ್ರಾಮಾಫೋನ್ ಪ್ಲೇಟಿನ ಸದ್ದು. ಆ ಸದ್ದಿನ ಸಂದಿಯಿಂದ ತೂರಿಬರುವ, ಎಂದೋ ತೀರಿಹೋದವರ ಒಂದು ಕಂಠ. ಆ ಕಂಠ ತಾರಷಡ್ಜ ಮುಟ್ಟುವ ಹೊತ್ತಿಗೆ ನನ್ನ ಮನಸ್ಸು ಹಾಡನ್ನು ಬಿಟ್ಟು ಊರು ಸುತ್ತತೊಡಗಿರುತ್ತದೆ. ಇದನ್ನು ಈಗ ಯಾರಿಗೆ ಕೇಳಿಸಲಿ? ಸಿರುಗುಪ್ಪದ ಮಾವನಿಗೋ, ಕುರುಗೋಡಿನ ಅತ್ತೆಗೋ, ಕೌಲ್‌ಬಜಾರಿನ ಗೆಳೆಯನಿಗೋ? ಕೇಳುವುದು ಒಂದು ಸುಖ, ಕೇಳಿಸುವುದು ಇನ್ನೊಂದು ಸುಖ. ಎರಡರಲ್ಲಿ ಒಂದನ್ನೇ ಆರಿಸಿಕೊ ಅಂದರೆ ನಾನು ಎರಡನೆಯದಕ್ಕೇ ಕೈ ಎತ್ತುವವ.

ಕೇಳಿಸುವವನು ಹಾಡು ಕೇಳುವುದಿಲ್ಲ, ಮುಖ ನೋಡುತ್ತಾನೆ. ಎದುರಿಗೆ ಕೂತವರ ಹುಬ್ಬು, ತುಟಿ, ಕಾಲಿನ ಹೆಬ್ಬೆರಳು ಇವೇ ಅವನ ಸಂಗೀತ. ಇಷ್ಟು ವರ್ಷದ ಮುಖ ನೋಡುವಿಕೆಯಲ್ಲಿ ಕೆಲವು ಜಾತಿಗಳನ್ನು ಗುರುತಿಸಿದ್ದೇನೆ. ಹಾಡು ಶುರುವಾಗುವ ಮೊದಲೇ, ಬರೀ ತಂಬೂರಿಗೇ ತಲೆದೂಗಲು ಹತ್ತುವವರದು ಒಂದು. ‘ಯಾರು ಹಾಡಿದ್ದು?’ ಎಂದು ಕೇಳಿ, ಹೆಸರು ದೊಡ್ಡದೆಂದು ಖಾತ್ರಿಯಾದ ಮೇಲೆ ಕಣ್ಣು ಮುಚ್ಚುವವರದು ಇನ್ನೊಂದು. ಹಾಡು ಅರ್ಧಕ್ಕೆ ಬಂದಾಗ ತಮ್ಮ ಮೊಬೈಲು ತೆಗೆದು, ‘ಇದೇ ರಾಗದ್ದು ಇದರ ಅಪ್ಪನಂಥದ್ದು ನನ್ನತ್ರ ಐತಿ, ತಡೀರಿ’ ಅನ್ನುವವರು ಬಲು ಅಪಾಯ. ಏಕೆಂದರೆ ಅವರೂ ನನ್ನದೇ ಕುಲದವರು, ಕೇಳಲು ಬಂದವರಲ್ಲ, ಕೇಳಿಸಲು ಬಂದವರು. ನನಗೆ ಬೇಕಾದವರು ಬೇರೆ. ಹಾಡು ಮುಗಿದ ಮೇಲೂ ಏನೂ ಅನ್ನದೆ, ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು, ಆಮೇಲೆ ನಿಧಾನಕ್ಕೆ ‘ಇನ್ನೊಮ್ಮೆ ಹಚ್ಚು’ ಅನ್ನುವವರು. ‘ವ್ಹಾ ವ್ಹಾ’ಗಳನ್ನೆಲ್ಲ ಕಟ್ಟಿ ಒಂದು ಕಡೆ ಇಡಿ, ಈ ‘ಇನ್ನೊಮ್ಮೆ ಹಚ್ಚು’ ಒಂದು ಕಡೆ.

ಬಳ್ಳಾರಿಯಲ್ಲಿ ಹಾಡು ಕೇಳಿಸುವುದಕ್ಕೆ ಹೊತ್ತುಗೊತ್ತು ನೋಡಬೇಕು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಯಾವ ಗಂಧರ್ವನೇ ಬಂದು ಹಾಡಿದರೂ ಇಲ್ಲಿಯ ಕಿವಿಗೆ ಇಳಿಯುವುದಿಲ್ಲ. ಬೆವರು ಒರೆಸಿಕೊಳ್ಳುವುದೇ ಒಂದು ಪೂರ್ಣಾವಧಿ ಉದ್ಯೋಗ. ಸಂಜೆಯಾದರೂ ಬಿಡುಗಡೆಯಿಲ್ಲ. ಹಗಲಿಡೀ ಕುಡಿದ ಬಿಸಿಲನ್ನು ಕೋಟೆಗುಡ್ಡದ ಬಂಡೆ ಬಡ್ಡಿಸಮೇತ ವಾಪಸು ಕೊಡುವುದು ಆಗಲೇ. ರಾತ್ರಿ ಒಂಬತ್ತರ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ, ಚಾಪೆ ಹಾಸಿ, ಗಾಳಿ ಯಾವ ಕಡೆಯಿಂದಾದರೂ ಬರಬಹುದೆಂಬ ಆಸೆಯಲ್ಲಿ ಕೂತಾಗ, ಆಗ ಹಚ್ಚಬೇಕು. ಪಕ್ಕದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇದ್ದರೆ ರಸಿಕರ ಸಂಖ್ಯೆ ಹೆಚ್ಚುತ್ತದೆ ಎಂಬುದು ಗುಟ್ಟಿನ ವಿಷಯವೇನಲ್ಲ.

ಮಾಳಿಗೆಯ ಮೇಲೆ ಹೊಸಬರು ಯಾರಾದರೂ ಇದ್ದರೆ ನಾನೊಂದು ಆಟ ಆಡುತ್ತೇನೆ. ಮೊದಲು 1930ರ ದಶಕದ ಒಂದು ಪ್ಲೇಟು. ಎಳೆಯ, ಚೂಪಾದ, ಏರುಕಂಠದ ಹುಡುಗಿಯೊಬ್ಬಳ ದನಿ. ಮೂರು ಮೂರೂವರೆ ನಿಮಿಷದಲ್ಲಿ ರಾಗದ ಒಳಹೊರಗನ್ನೆಲ್ಲ ಸುತ್ತಿ ತಟ್ಟನೆ ನಿಲ್ಲುತ್ತದೆ; ಆ ಕಾಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದೇ ಅಷ್ಟು. ಆಮೇಲೆ ಬೇರೊಂದು ಮುದ್ರಣ. ಅದು ನೆಲದಡಿಯಿಂದ ಎದ್ದುಬಂದ, ಗಂಡಸೋ ಹೆಂಗಸೋ ಎಂದು ತಬ್ಬಿಬ್ಬಾಗಿಸುವ ಗಡಸು ಕಂಠ. ‘ಇಬ್ಬರಲ್ಲಿ ಯಾರು ಹೆಚ್ಚು?’ ಎಂದು ಕೇಳುತ್ತೇನೆ. ಚರ್ಚೆ ಕಾವೇರುತ್ತದೆ, ಮಿರ್ಚಿ ಖಾಲಿಯಾಗುತ್ತದೆ. ಕೊನೆಗೆ ಇಬ್ಬರೂ ಒಬ್ಬರೇ, ಗಂಗೂಬಾಯಿ ಹಾನಗಲ್ಲರು ಅನ್ನುತ್ತೇನೆ. ಎಚ್ಎಂವಿಯವರು ಅವರ ಮೊದಮೊದಲ ಪ್ಲೇಟುಗಳ ಮೇಲೆ ಹಾಕಿದ ಹೆಸರು ಗಾಂಧಾರಿ. ಮುಂದೆ ಗಂಟಲಿನ ಚಿಕಿತ್ಸೆಯಾಗಿ ಆ ಏರುಕಂಠ ಹೋಯಿತು. ಉಳಿದ ದನಿಯನ್ನೇ ಹಿಡಿದು ಅವರು ಕಿರಾಣಾ ಘರಾಣೆಯ ಶಿಖರ ಹತ್ತಿದರು. ಕಳಕೊಂಡ ಕಂಠವೂ ಗಳಿಸಿದ ಕಂಠವೂ ಎರಡೂ ನಮ್ಮ ಕೈಯಲ್ಲಿ ಇವೆ ಎಂಬುದು ಮುದ್ರಣವೆಂಬ ಯಂತ್ರದ ಕರುಣೆ. ನನ್ನ ಮಾತು ಕೇಳುವುದಾದರೆ ಎರಡನೆಯದೇ ಹೆಚ್ಚು. ಮೊದಲನೆಯದರಲ್ಲಿ ಜಾಣ್ಮೆ ಇದೆ. ಎರಡನೆಯದರಲ್ಲಿ ಸ್ವರ ಹಚ್ಚುವ ಮೊದಲು ಒಂದು ಕ್ಷಣದ ಯೋಚನೆಯಿದೆ.

ಯಂತ್ರ ಕರುಣೆ ತೋರದ ಕಡೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಸೀಮೆಯಲ್ಲೇ ಉದಾಹರಣೆ ಇದೆ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೇ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ಅಲ್ಲಿ ಬಸವರಾಜ ರಾಜಗುರು ಎಂಬ ತರುಣ ಮೊದಲ ಬಾರಿಗೆ ದೊಡ್ಡ ಸಭೆಯೆದುರು ಹಾಡಿದ. ತಬಲಾ ಸಾಥಿಗೆ ಕೂತವರು ಸಾಕ್ಷಾತ್ ಗುರು ಪಂಚಾಕ್ಷರಿ ಗವಾಯಿಗಳು. ಶಿಷ್ಯನ ಮೊದಲ ಸಭೆಗೆ ಗುರುವೇ ಪಕ್ಕವಾದ್ಯ! ಇದರ ಪ್ಲೇಟು ನನ್ನ ಕೈಯಲ್ಲಿದ್ದಿದ್ದರೆ ಎಂದು ಎಷ್ಟೋ ಸಲ ಹಲುಬಿದ್ದೇನೆ. ಪ್ಲೇಟಿಲ್ಲ, ಹೇಳುವವರು ಮಾತ್ರ ಇದ್ದರು. ನಮ್ಮ ತಾತನೂ ತಾನು ಅಲ್ಲಿದ್ದೆ ಅನ್ನುತ್ತಿದ್ದ. ಅವನ ವಾರಿಗೆಯವರೆಲ್ಲ ಹಾಗೇ ಅನ್ನುತ್ತಿದ್ದರು. ಅವರ ಮಾತನ್ನೆಲ್ಲ ನಂಬಿ ಲೆಕ್ಕ ಹಾಕಿದರೆ ಅವತ್ತು ವಿರೂಪಾಕ್ಷ ಬಜಾರಿನಲ್ಲಿ ಉತ್ಸವಮೂರ್ತಿಗೆ ನಿಲ್ಲಲು ಜಾಗ ಸಿಕ್ಕಿರಲಿಕ್ಕಿಲ್ಲ. ಆದರೆ ತಾತ ಅದನ್ನು ಹೇಳುವ ರೀತಿ ಹೇಗಿತ್ತೆಂದರೆ, ‘ಹಿಂಗ ಎತ್ತಿದ ನೋಡು ದನೀನ’ ಎಂದು ಅಂಗೈ ಮೇಲಕ್ಕೆತ್ತಿ, ಬಾಯಿ ತೆರೆದು, ದನಿ ಬಾರದೆ ಹಾಗೇ ಕೂತುಬಿಡುತ್ತಿದ್ದ. ಕೇಳಿಸಲಾರದವನ ಕಷ್ಟ ಎಂದರೆ ಅದು.

ಕೇಳಿಸುವ ಈ ಚಟ ನನಗೆ ತಾತನಿಂದ ಬಂದದ್ದಲ್ಲ ಅನಿಸುತ್ತದೆ, ಬಂದದ್ದು ಮೈಕ್‌ಸೆಟ್ಟಿನವರಿಂದ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಎಲ್ಲೇ ಮದುವೆಯಾಗಲಿ, ಜಾತ್ರೆಯಾಗಲಿ, ಎತ್ತಿನ ಬಂಡಿಯಲ್ಲಿ ಮೊದಲು ಬಂದಿಳಿಯುತ್ತಿದ್ದುದು ಮೈಕ್‌ಸೆಟ್ಟಿನವನ ಸಾಮಾನು. ತಗಡಿನ ದೊಡ್ಡ ಹಾರ್ನುಗಳು, ಆಂಪ್ಲಿಫೈಯರು, ಬ್ಯಾಟರಿ, ಚರ್ಮದ ಪಟ್ಟಿ ಬಿಗಿದ ಪ್ಲೇಟಿನ ಪೆಟ್ಟಿಗೆ. ಬೇವಿನ ಮರದ ತುದಿಗೆ ಒಂದು ಹಾರ್ನು, ಗುಡಿಯ ಮೇಲೆ ಇನ್ನೊಂದು. ಮದುವೆ ಮನೆಯವರು ಕರೆದ ಊರು ಬೇರೆ, ಹಾರ್ನು ಕರೆದ ಊರು ಬೇರೆ. ಗಾಳಿ ಬೀಸಿದತ್ತ ಮೂರು ಹಳ್ಳಿಗೆ ಮದುವೆ. ಅವನು ಏನು ಹಚ್ಚುತ್ತಾನೋ ಅದು ಊರಿನ ರುಚಿ. ಘಂಟಸಾಲ ಅಂದರೆ ಪ್ರಾಣ ಬಿಡುವ ಒಬ್ಬ ಇದ್ದ; ಕನ್ನಡದ ಮದುವೆಯಲ್ಲೂ ಮೂರಕ್ಕೊಂದು ಪ್ಲೇಟು ತೆಲುಗಿನದು. ಪಿ.ಬಿ. ಶ್ರೀನಿವಾಸರ ಭಕ್ತ ಇನ್ನೊಬ್ಬ. ಮುಹೂರ್ತಕ್ಕೆ, ಊಟಕ್ಕೆ, ಹೆಣ್ಣು ಒಪ್ಪಿಸುವುದಕ್ಕೆ ಯಾವ ಪ್ಲೇಟೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಣ್ಣು ಒಪ್ಪಿಸುವ ಹೊತ್ತಿನ ಪ್ಲೇಟನ್ನು ಹಚ್ಚಿ ಅವನು ಹೆಂಗಸರ ಗುಂಪಿನ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದ. ಸೆರಗು ಕಣ್ಣಿಗೆ ಹೋಯಿತೋ ಇಲ್ಲವೋ? ಹೋಗದಿದ್ದರೆ ಅದೇ ಪ್ಲೇಟನ್ನು ಮತ್ತೊಮ್ಮೆ. ಮುಖ ನೋಡುವ ವಿದ್ಯೆಯ ಮೊದಲ ಗುರು ಅವನೇ.

ಅವನ ಕಷ್ಟಗಳನ್ನೂ ಹೇಳಬೇಕು. ಎಪ್ಪತ್ತೆಂಟು ಸುತ್ತಿನ ಆ ಕರಿ ಪ್ಲೇಟು ಅರಗಿನದು, ಬಿದ್ದರೆ ಹಪ್ಪಳ. ಬಿಸಿಲಿಗಿಟ್ಟರೆ ಬಾಗುತ್ತದೆ, ನಮ್ಮ ಸೀಮೆಯಲ್ಲಿ ಬಿಸಿಲಿಲ್ಲದ ಜಾಗ ಎಲ್ಲಿಂದ ತರುವುದು? ಪೆಟ್ಟಿಗೆಗೆ ಒದ್ದೆ ಗೋಣಿ ಹೊದಿಸುತ್ತಿದ್ದ. ಉಕ್ಕಿನ ಮುಳ್ಳನ್ನು ಒಂದೊಂದು ಸಲಕ್ಕೂ ಬದಲಿಸಬೇಕು. ಬದಲಿಸದೆ ಉಳಿಸಿದರೆ ಮುಳ್ಳು ಪ್ಲೇಟನ್ನು ತಿನ್ನುತ್ತದೆ. ಇಷ್ಟವಾದ ಪ್ಲೇಟೇ ಮೊದಲು ಸವೆಯುವುದು ಹೀಗೆ. ಎಲ್ಲಕ್ಕಿಂತ ಹೆಚ್ಚು ಕರಕರ ಅನ್ನುವ ಪ್ಲೇಟು ಯಾವುದೋ ಅದೇ ಊರಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಎಂದು ಕಣ್ಣು ಮುಚ್ಚಿ ಹೇಳಬಹುದು.

ಸಿರುಗುಪ್ಪದ ಸೋದರಮಾವ ಆ ಹಾರ್ನುಗಳ ಕೆಳಗೆ ಬೆಳೆದ ಕಿವಿಯವನು. ತುಂಗಭದ್ರೆಯ ದಂಡೆ, ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ, ಊರ ತುಂಬ ರೈಸ್‌ಮಿಲ್ಲು. ಮಿಲ್ಲಿನ ಸದ್ದಿನಲ್ಲೇ ಬದುಕಿದವನಾದ್ದರಿಂದ ಅವನಿಗೆ ಮೆಲುದನಿಯ ಹಾಡು ಕೇಳಿಸುವುದಿಲ್ಲ, ಕೇಳಿಸಿದರೂ ಒಪ್ಪುವುದಿಲ್ಲ. ಅವನಿಗೆ ಬೇಕಾದದ್ದು ಪದ್ಯ. ತೆಲುಗಿನ ‘ಪಾಂಡವೋದ್ಯೋಗ ವಿಜಯಮುಲು’ ನಾಟಕದ ಕೃಷ್ಣ ಪದ್ಯದ ಕೊನೆಯಲ್ಲಿ ರಾಗವನ್ನು ಎಳೆದೆಳೆದು, ಇನ್ನೇನು ಉಸಿರು ನಿಂತಿತು ಅನ್ನುವಾಗ ಇನ್ನೊಂದು ಸುತ್ತು ಎಳೆಯಬೇಕು. ಹಾಗಂತ ಮಾವ ತೆಲುಗಿನವನಲ್ಲ. ನಮ್ಮ ಜಿಲ್ಲೆ 1953ರ ಅಕ್ಟೋಬರಿನವರೆಗೂ ಮದರಾಸಿಗೆ ಸೇರಿತ್ತು. ಆದವಾನಿ, ಆಲೂರು, ರಾಯದುರ್ಗ ನಮ್ಮದೇ ಜಿಲ್ಲೆಯ ತಾಲ್ಲೂಕುಗಳು. ಗೆರೆ ಎಳೆದಾಗ ಅವು ಆಂಧ್ರಕ್ಕೆ ಹೋದವು, ಕಿವಿಗಳನ್ನು ಮಾತ್ರ ಯಾರೂ ಇಬ್ಭಾಗ ಮಾಡಲಿಲ್ಲ. ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಬಣ್ಣ ಹಚ್ಚಿದ ವಕೀಲ ಬಳ್ಳಾರಿ ರಾಘವ ಬಾಳಿದ್ದು ಅಂಥ ಊರಲ್ಲಿ. ಕನ್ನಡದಲ್ಲಿ ಮಾವನ ಆರಾಧ್ಯ ದೇವತೆ ಸುಭದ್ರಮ್ಮ ಮನ್ಸೂರ. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಆಕೆ ರಂಗಕ್ಕೆ ಬಂದು ಹಾಡೆತ್ತಿದರೆ ಹಿಂದಿನ ಸಾಲಿನವರು ಎದ್ದು ನಿಲ್ಲುತ್ತಿದ್ದರಂತೆ. 2020ರಲ್ಲಿ ಆಕೆ ತೀರಿಕೊಂಡ ಸುದ್ದಿ ಬಂದ ದಿನ ಮಾವ ಫೋನು ಮಾಡಿ, ‘ಆಕಿದು ಏನೇನೈತಿ ನಿನ್ನತ್ರ, ಎಲ್ಲಾ ಕಳಸು’ ಎಂದ. ಕಳಿಸಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ‘ಮುದುಕಿಯಾದ ಮ್ಯಾಲಿಂದು ಬ್ಯಾಡ, ಹಳೇದು ಇದ್ರ ನೋಡು.’ ಅಷ್ಟು ನಿಷ್ಠುರ ರಸಿಕ.

ಇಂಥ ಮಾವನಿಗೆ ಅಮೆರಿಕದ ಕುರುಡ ಗಾಯಕನೊಬ್ಬನನ್ನು ಕೇಳಿಸಬೇಕೆಂಬ ಹುಚ್ಚು ನನಗೆ ಹತ್ತಿದ್ದು ಕೌಲ್‌ಬಜಾರಿನ ಗೆಳೆಯನಿಂದ. ಅವನು ಇಲ್ಲಿಯ ಹಳೆಯ ಕ್ರೈಸ್ತ ಮನೆತನದವನು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲಿನ ಕನ್ನಡ ಅನುವಾದಕ್ಕೆ ಆತ ಕೂತದ್ದು ಈ ಸೆಕೆಯಲ್ಲೇ. ಅವರ ವಾರ್ಡ್ಲಾ ಶಾಲೆ ಇವತ್ತಿಗೂ ಇದೆ. ಗೆಳೆಯನ ಮನೆಯಲ್ಲಿ ಭಾನುವಾರ ಸಂಜೆ ಹಾರ್ಮೋನಿಯಂ ಇಟ್ಟುಕೊಂಡು ಹಾಡುವ ಕೀರ್ತನೆಗಳಲ್ಲಿ ಕೆಲವು ಇಂಗ್ಲಿಷ್ ಮಟ್ಟಿನವು, ಕೆಲವು ಅಪ್ಪಟ ನಮ್ಮ ರಾಗದವು. ಅವನು ಒಂದು ಸಂಜೆ, ‘ಇದನ್ನ ಕೇಳು, ಏನೂ ಕೇಳಬ್ಯಾಡ’ ಎಂದು ದೇವರ ಹಾಡಿನ ಅಮೆರಿಕದ ಗಾಯಕಿ ಮಹಾಲಿಯಾ ಜಾಕ್ಸನ್ನಳನ್ನು ಹಚ್ಚಿದ.

ಏನೂ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಒಂದೊಂದು ಶಬ್ದವನ್ನೂ ಆಕೆ ನೆಲಕ್ಕೆ ಊರಿ, ಕಾಲಿಟ್ಟು ಗಟ್ಟಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುತ್ತಾಳೆ. ಅವಸರವಿಲ್ಲ, ತಾಳವೂ ಇಲ್ಲವೇನೋ ಅನ್ನುವಷ್ಟು ವಿಲಂಬ. ಹಾಡು ಮುಗಿದ ಮೇಲೆ ಗೆಳೆಯ ಕತೆ ಹೇಳಿದ. ಅದನ್ನು ಕಟ್ಟಿದವನು ಥಾಮಸ್ ಡಾರ್ಸಿ, ಮೊದಲು ಬ್ಲೂಸ್ ಪಿಯಾನೋ ನುಡಿಸಿಕೊಂಡಿದ್ದವನು. 1932ರಲ್ಲಿ ಅವನು ಹಾಡಲೆಂದು ಪರವೂರಿಗೆ ಹೋಗಿದ್ದಾಗ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಹುಟ್ಟಿದ ಕೂಸೂ ಉಳಿಯಲಿಲ್ಲ. ಆ ದುಃಖದಲ್ಲಿ ದೇವರ ಕೈ ಬೇಡಿ ಕಟ್ಟಿದ ಹಾಡು ಅದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಹಾಡಿದ್ದೂ ಅದನ್ನೇ. ಆಕೆ 1971ರಲ್ಲಿ ಭಾರತಕ್ಕೂ ಬಂದಿದ್ದಳು. ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸಿನಲ್ಲಿ ಹಾಡಿದಳು. ಮದರಾಸೆಂದರೆ ಬಳ್ಳಾರಿಯವರಿಗೆ ಆಗಿನ್ನೂ ಹಳೆಯ ರಾಜಧಾನಿ, ಒಂದು ರಾತ್ರಿಯ ರೈಲು. ಮುಂದಿನ ವರ್ಷ ಜನವರಿಯಲ್ಲಿ ಆಕೆಯೇ ಇಲ್ಲ.

ಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕಲ್ಲ. ನಾನು ಅವನಿಗೆ ಕುರುಗೋಡಿನ ಕಡೆಯ ಹಳ್ಳಿಯೊಂದರಲ್ಲಿ ಮೊಹರಮ್ಮಿನ ರಾತ್ರಿ ಹಿಡಿದುಕೊಂಡ ರಿವಾಯತ್ ಪದ ಕೇಳಿಸಿದೆ. ಪೀರಲ ದೇವರ ಮುಂದೆ ಹಾಡುವವರಲ್ಲಿ ಸಾಬರೆಷ್ಟು, ಲಿಂಗಾಯತರೆಷ್ಟು, ಕುರುಬರೆಷ್ಟು ಎಂದು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಕರ್ಬಲದಲ್ಲಿ ಸತ್ತವರಿಗಾಗಿ ಭತ್ತದ ಗದ್ದೆಯವರು ಅಳುತ್ತಾರೆ, ಅಷ್ಟೆ. ಆಮೇಲೆ ದರೋಜಿ ಈರಮ್ಮನ ಬುರ್ರಕಥೆ. ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ, ಅಕ್ಷರ ಬಾರದ ಈ ತಾಯಿಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು; ಆಕೆ 2014ರಲ್ಲಿ ತೀರಿಕೊಂಡಳು. ಈರಮ್ಮ ಒಂದು ಸಾಲು ಎಸೆಯುತ್ತಾಳೆ, ಪಕ್ಕದ ಹೆಂಗಸರು ಅದನ್ನು ಹಿಡಿದು ವಾಪಸು ಎಸೆಯುತ್ತಾರೆ. ಗೆಳೆಯ ಕೇಳಿ ನಕ್ಕ. ಅರೀತಾ ಫ್ರಾಂಕ್ಲಿನ್ನಳ ‘ಅಮೇಜಿಂಗ್ ಗ್ರೇಸ್’ ತೆಗೆದ. 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ, ಭಕ್ತರ ಮುಂದೆಯೇ ಎರಡು ರಾತ್ರಿ ಹಾಡಿಸಿ ಹಿಡಿದ ಮುದ್ರಣ. ಸೋಲ್ ಸಂಗೀತದ ರಾಣಿ ಎನಿಸಿಕೊಂಡವಳು ಅಪ್ಪನ ಚರ್ಚಿನ ಹಾಡಿಗೆ ಮರಳಿದ್ದಳು. ಅದರಲ್ಲಿ ಹಾಡಿನಷ್ಟೇ ಜನವೂ ಕೇಳಿಸುತ್ತಾರೆ. ಕೂಗುತ್ತಾರೆ, ಹುರಿದುಂಬಿಸುತ್ತಾರೆ, ಚಪ್ಪಾಳೆಯಲ್ಲಿ ತಾಳ ಹಾಕುತ್ತಾರೆ. ಕೇಳುಗರಿಲ್ಲದೆ ಅರ್ಧವಾಗಿಬಿಡುವ ಸಂಗೀತ. ನಮ್ಮ ದೊಡ್ಡಾಟದ ಅಟ್ಟದ ಮುಂದೆ ಕೂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕುರುಡನ ವಿಷಯಕ್ಕೆ ಬರುತ್ತೇನೆ. ಬ್ಲೈಂಡ್ ವಿಲ್ಲಿ ಜಾನ್ಸನ್ ಟೆಕ್ಸಾಸಿನವನು, ಬೀದಿಯಲ್ಲಿ ನಿಂತು ದೇವರ ಹಾಡು ಹಾಡುತ್ತಿದ್ದವನು. 1927ರ ಡಿಸೆಂಬರಿನಲ್ಲಿ ಡಲ್ಲಾಸಿನಲ್ಲಿ ಕೊಲಂಬಿಯಾ ಕಂಪನಿಗೆ ಕೊಟ್ಟ ಒಂದು ಪ್ಲೇಟಿನಲ್ಲಿ ಮಾತೇ ಇಲ್ಲ. ಗಿಟಾರಿನ ತಂತಿಯ ಮೇಲೆ ಏನನ್ನೋ ಜಾರಿಸುತ್ತಾ ಬರೀ ಗುಂಗುಡುತ್ತಾನೆ, ನರಳುತ್ತಾನೆ, ನಿಲ್ಲುತ್ತಾನೆ. ಶಿಲುಬೆಗೇರುವ ಹಿಂದಿನ ರಾತ್ರಿ ಏಸು ಒಬ್ಬನೇ ಕೂತು ಪ್ರಾರ್ಥಿಸಿದ್ದನ್ನು ಕುರಿತ ಹಳೆಯ ಕೀರ್ತನೆಯೊಂದರ ನೆರಳು ಅದು. ಮೂರು ನಿಮಿಷದ ಆಸುಪಾಸು. 1945ರಲ್ಲಿ ಬಡತನದಲ್ಲೇ ಸತ್ತ.

ಮಾವನಿಗೆ ಇದನ್ನು ಮಿಲ್ಲು ನಿಂತ ಒಂದು ಅಮಾವಾಸ್ಯೆಯ ಸಂಜೆ, ಅವನ ಪಡಸಾಲೆಯಲ್ಲಿ ಹಚ್ಚಿದೆ. ಯಾರು, ಯಾವ ದೇಶ, ಏನೂ ಹೇಳಲಿಲ್ಲ. ಮೊದಲು ಮಾವ ‘ಹಾಡು ಯಾವಾಗ ಶುರುವಾಗ್ತತಿ?’ ಎಂದ. ನಾನು ಸುಮ್ಮನಿದ್ದೆ. ಅರ್ಧಕ್ಕೆ ಬರುವ ಹೊತ್ತಿಗೆ ಅವನ ಅಡಿಕೆ ಕತ್ತರಿ ನಿಂತಿತು. ಮುಗಿದ ಮೇಲೆ, ‘ತಂಬೂರಿ ಪದದಾಂವ. ಯಾವ ಮಠದಾಂವ ಇವ?’ ಎಂದ. ಅಮೆರಿಕದವನು ಮಾವ, ಕುರುಡ ಅಂದೆ. ‘ಕುರುಡ ಅನ್ನೋದು ಗೊತ್ತಾತು ಬಿಡು. ಇನ್ನೊಮ್ಮೆ ಹಚ್ಚು.’

ಆ ಸಂತೋಷದಲ್ಲಿ ನಾನು ಅವನಿಗೆ ಈ ಹಾಡನ್ನು ಆಕಾಶಕ್ಕೆ ಒಯ್ದ ವಾಯೇಜರ್ ನೌಕೆಗಳ ಕತೆ ಪೂರ್ತಿ ಹೇಳಿದೆ. 1977ರಲ್ಲಿ ನಾಸಾದವರು ಎರಡು ನೌಕೆಗಳನ್ನು ಗ್ರಹಗಳಾಚೆ ಕಳಿಸುವಾಗ ಒಂದೊಂದರಲ್ಲೂ ಚಿನ್ನದ ಲೇಪದ ತಾಮ್ರದ ಪ್ಲೇಟೊಂದನ್ನು ಇಟ್ಟರು. ಕೋಟ್ಯಂತರ ಮೈಲಿಯಾಚೆ ಯಾರಾದರೂ ಇದ್ದರೆ ಅವರಿಗೂ ನಮ್ಮ ಹಾಡು ಕೇಳಲಿ ಎಂದು. ನೋಡಿ, ಕೇಳಿಸುವ ಚಟ ನನಗೊಬ್ಬನಿಗೇ ಅಲ್ಲ! ಅದರಲ್ಲಿ ಈ ಕುರುಡನ ಗುಂಗುಡುವಿಕೆ ಇದೆ. ಜಾಜ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗನ ಕಹಳೆ ಇದೆ. ಭಾರತದಿಂದ ಕೇಸರಬಾಯಿ ಕೇರ್ಕರರ ಭೈರವಿ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಹತ್ತಿರ. ಲೆಕ್ಕಕ್ಕೆ ನಮ್ಮ ಧಾರವಾಡದ ಮನೆಯವರೇ ಆಕಾಶಕ್ಕೆ ಹೋದ ಹಾಗಾಯಿತು. ಐವತ್ತೈದು ಭಾಷೆಗಳ ನಮಸ್ಕಾರಗಳಲ್ಲಿ ಕನ್ನಡದ್ದೂ ಒಂದಿದೆ. ಪ್ಲೇಟಿನ ಜೊತೆಗೆ ಮುಳ್ಳನ್ನೂ, ಹಚ್ಚುವ ಕ್ರಮವನ್ನು ಚಿತ್ರದಲ್ಲಿ ಬರೆದೂ ಕಳಿಸಿದ್ದಾರೆ.

ಮಾವ ಎಲ್ಲವನ್ನೂ ಕೇಳಿ, ‘ಸುಭದ್ರಮ್ಮಂದು ಹಾಕಿಲ್ಲೇನು?’ ಎಂದ. ಇಲ್ಲ ಅಂದೆ. ‘ಹಂಗಾರ ಕೇಳಿದೋರಿಗೆ ನಮ್ಮ ಬಗ್ಗೆ ಏನು ತಿಳೀತತಿ?’

ಈಗ ಕಳಿಸುವುದು ಸುಲಭ. ಬೆರಳೊತ್ತಿದರೆ ಹಾಡು ಹೋಯಿತು. ಎರಡು ನೀಲಿ ಗೀಟು ಬಂದವು. ಆ ನೀಲಿ ಗೀಟುಗಳನ್ನು ನಾನು ನಂಬುವುದಿಲ್ಲ. ಕೇಳಿದ್ದಾರೋ, ಬರೀ ತೆರೆದಿದ್ದಾರೋ? ಒಬ್ಬರು ಏಳು ನಿಮಿಷದ ಹಾಡಿಗೆ ಮೂರೇ ಕ್ಷಣದಲ್ಲಿ ಕೈಮುಗಿದ ಚಿತ್ರ ಕಳಿಸಿದ್ದರು. ಆದ್ದರಿಂದ ತೀರಾ ಬೇಕಾದ ಹಾಡಿಗೆ ಬಸ್ಸು ಹತ್ತಿ ಹೋಗುವುದೇ ನನ್ನ ಪದ್ಧತಿ. ಕುರುಗೋಡಿಗೆ ಹೋದರೆ ದೊಡ್ಡಬಸವೇಶ್ವರನಿಗೂ ಕೈಮುಗಿದಂತಾಯಿತು. ಆಳೆತ್ತರ ಮೀರಿದ ಆ ಏಕಶಿಲೆಯ ಬಸವನ ಎದುರು ಕೂತ ಅತ್ತೆಗೆ ಈರಮ್ಮನನ್ನು ಕೇಳಿಸಿದರೆ, ಆಕೆ ಹಾಡಿನ ಜೊತೆಗೆ ಕತೆಯ ಮುಂದಿನ ಭಾಗವನ್ನೂ ತಾನೇ ಹೇಳಿಬಿಡುತ್ತಾಳೆ. ಮುದ್ರಣದಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತದೆ.

ಮಾವನ ಟ್ರ್ಯಾಕ್ಟರಿನ ಟೇಪಿಗೆಂದು ಹೋದ ಸಲ ಒಂದು ಪೆನ್‌ಡ್ರೈವ್ ತುಂಬಿಸಿಕೊಟ್ಟೆ. ಸುಭದ್ರಮ್ಮ, ಪದ್ಯಗಳು, ಗಂಗೂಬಾಯಿ, ರಾಜಗುರು, ಮಹಾಲಿಯಾ, ಮಾವನ ಒತ್ತಾಯಕ್ಕೆ ಆ ಕುರುಡನೂ. ನಾಟಿಯ ಹಂಗಾಮು ಮುಗಿದ ಮೇಲೆ ಫೋನು ಬಂತು. ಟ್ರ್ಯಾಕ್ಟರ್ ಹೊಡೆಯುವ ಹುಡುಗ ಅರ್ಧಕ್ಕರ್ಧ ಅಳಿಸಿ ಡಿಜೆ ಹಾಡು ತುಂಬಿಸಿದ್ದಾನಂತೆ. ರಾಜಗುರು ಹೋದರು, ಮಹಾಲಿಯಾ ಹೋದಳು, ಪದ್ಯಗಳೂ ಹೋದವು. ಮಾವ ಸಿಟ್ಟಿನಿಂದ ಹುಡುಗನ ಕೈಗೇ ಫೋನು ಕೊಟ್ಟ.

‘ಅಣ್ಣಾ, ಗುಂ ಗುಂ ಅಂತಾನಲ್ಲ, ಅವಂದು ಇಟ್ಟೀನಿ,’ ಎಂದ ಹುಡುಗ. ‘ರಾತ್ರಿ ಒಬ್ನೇ ಗದ್ದ್ಯಾಗ ಟ್ರ್ಯಾಕ್ಟರ್ ಹೊಡಿಯೋವಾಗ ಚಲೋ ಅನಸ್ತೈತಿ. ಅವಂದು ಇನ್ನೂ ಅದಾವೇನು?’

ಮೂವತ್ತು ಇದಾವೆ ತಮ್ಮಾ ಅಂದೆ. ‘ಮೂವತ್ತೂ ಹಾಕ್ಕೊಡ್ರಿ,’ ಎಂದ. ಹಿಂದಿನಿಂದ ಮಾವ ಕೂಗುತ್ತಿದ್ದ: ‘ಮೊದ್ಲು ಸುಭದ್ರಮ್ಮಂದು ಹಾಕು ಅನ್ನಲೇ ಅವಂಗ!’